ಮಂಗಟ್ಟೆಗೆ ದೊಡ್ಡದು, ಚೌಕಿಗೆ ಸಣ್ಣದು

ಪ್ರಶ್ನೆ: ಶಿರಸಿ ತಾಲ್ಲೂಕಿನ ಹಳ್ಳಿಯಲ್ಲಿ ತೋಟ ನೋಡಿಕೊಂಡಿದ್ದೇನೆ. ಎಂಟು ವರ್ಷದಿಂದ ನಿಕಾನ್ ಡಿ7200 ನನ್ನ ಹತ್ತಿರ ಇದೆ. ಜೊತೆಗೆ 18-140 ಜೂಮ್, ಹಳೆಯ 50 ಎಂಎಂ ಎಫ್/1.8ಡಿ, ಹಕ್ಕಿಗಳಿಗೆಂದು 200-500. ದಾಂಡೇಲಿಗೆ ಮಂಗಟ್ಟೆ ಹಕ್ಕಿ ನೋಡಲು ಹೋಗುವಾಗ, ಮಾರಿಕಾಂಬಾ ಜಾತ್ರೆಯ ಸಮಯದಲ್ಲಿ ಅದೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ದಿನಾ ತೋಟಕ್ಕೆ, ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ, ನೆಂಟರ ಮನೆಗೆ ಅದನ್ನು ಹೊತ್ತುಕೊಂಡು ಹೋಗುವುದಾಗುತ್ತಿಲ್ಲ. ಒಂದು ಲಕ್ಷದೊಳಗೆ ಸಣ್ಣ ಮಿರರ್‌ಲೆಸ್ ತೆಗೆದುಕೊಳ್ಳುವ ಯೋಚನೆ. ನಿಕಾನ್ ಝಡ್50-2 ತೆಗೆದುಕೊಂಡು ಅಡಾಪ್ಟರ್ ಹಾಕಿದರೆ ಹಳೆಯ ಲೆನ್ಸ್‌ಗಳೆಲ್ಲ ನಡೆಯುತ್ತವೆ ಎನ್ನುತ್ತಾರೆ. ಒಬ್ಬ ಸ್ನೇಹಿತ ಸೋನಿ ಎ6400 ಎನ್ನುತ್ತಾನೆ, ಇನ್ನೊಬ್ಬ ಫ್ಯೂಜಿ ಎನ್ನುತ್ತಾನೆ. ಯಾವುದು ಸರಿ?

ಉತ್ತರ: ಮೊದಲು ಅಡಾಪ್ಟರ್ ವಿಷಯ ಮುಗಿಸೋಣ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ. ನಿಮ್ಮ ಡಿ7200ರಲ್ಲಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರ್‌ವರೆಗೆ 46.5 ಮಿಲಿಮೀಟರ್ ಅಂತರವಿದೆ. ಮಧ್ಯದಲ್ಲಿ ಕನ್ನಡಿ ಏಳಬೇಕು, ಬೀಳಬೇಕು, ಅದಕ್ಕಾಗಿ ಅಷ್ಟು ಜಾಗ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲದ್ದರಿಂದ ನಿಕಾನಿನ ಝಡ್ ಮೌಂಟ್‌ನಲ್ಲಿ ಆ ಅಂತರ ಬರೀ 16 ಮಿಲಿಮೀಟರ್. ಎಫ್‌ಟಿಝಡ್ ಅಡಾಪ್ಟರ್ ಎಂದರೆ ಉಳಿದ 30.5 ಮಿಲಿಮೀಟರನ್ನು ತುಂಬುವ ಕೊಳವೆ. ಕನ್ನಡಿ ತೆಗೆದು ಉಳಿಸಿದ ಜಾಗವನ್ನೇ ಮತ್ತೆ ಮುಂದೆ ಜೋಡಿಸಿಕೊಂಡು, ಅದರ ತುದಿಗೆ 490 ಗ್ರಾಂನ 18-140 ಸಿಕ್ಕಿಸಿದರೆ ನೀವು ಯಾವುದರಿಂದ ತಪ್ಪಿಸಿಕೊಳ್ಳಲು ಹೊರಟಿದ್ದೀರೋ ಅದೇ ಕೈಗೆ ಬರುತ್ತದೆ. ಇನ್ನು 50 ಎಂಎಂ ಡಿ ಲೆನ್ಸ್. ಅದರೊಳಗೆ ಫೋಕಸ್ ಮೋಟರ್ ಇಲ್ಲ. ಡಿ7200ರ ಬಾಡಿಯಲ್ಲಿರುವ ಮೋಟರ್ ಒಂದು ಸಣ್ಣ ತಿರುಪಿನ ಮೂಲಕ ಅದನ್ನು ತಿರುಗಿಸುತ್ತದೆ. ಎಫ್‌ಟಿಝಡ್‌ನಲ್ಲಿ ಆ ತಿರುಪಿಲ್ಲ, ಹಾಗಾಗಿ ಫೋಕಸ್ ಕೈಯಲ್ಲೇ ಮಾಡಬೇಕು. ‘ಹಳೆಯ ಲೆನ್ಸ್‌ಗಳೆಲ್ಲ ನಡೆಯುತ್ತವೆ’ ಎಂದವರು ಇದನ್ನು ಹೇಳಿರಲಿಕ್ಕಿಲ್ಲ. ಒಟ್ಟಿನಲ್ಲಿ ಈಗಲೇ ಅಡಾಪ್ಟರ್ ಬೇಡ.

ಆ ದುಡ್ಡನ್ನು ಒಂದು ಸಣ್ಣ, ಬೆಳಕು ಹೆಚ್ಚು ಎಳೆಯುವ ಲೆನ್ಸಿಗೆ ಹಾಕಿ. ಬಾಡಿ ಸಣ್ಣದೋ ದೊಡ್ಡದೋ ಎಂದು ನೋಡುವವರು ಅದರ ಮುಂದೆ ಏನು ಕೂರುತ್ತದೆ ಎಂಬುದನ್ನು ಮರೆಯುತ್ತಾರೆ. ನಿಮ್ಮ ಡಿ7200 ಬ್ಯಾಟರಿ ಮತ್ತು ಕಾರ್ಡ್ ಸೇರಿ 765 ಗ್ರಾಂ, 18-140 ಸೇರಿದರೆ ಒಂದೂಕಾಲು ಕಿಲೋ. ಝಡ್50-2 ಬ್ಯಾಟರಿ ಸಮೇತ ಸುಮಾರು 550 ಗ್ರಾಂ. ಅದಕ್ಕೆ ನಿಕಾನಿನ 24 ಎಂಎಂ ಎಫ್/1.7 ಹಾಕಿದರೆ ಇನ್ನೊಂದು 135 ಗ್ರಾಂ. ಒಟ್ಟು 685. ಜೋಳಿಗೆಯಲ್ಲಿ, ಬೈಕಿನ ಡಿಕ್ಕಿಯಲ್ಲಿ, ಕಂಬಳಿಯ ಮಡಿಕೆಯಲ್ಲೂ ಕೂರುತ್ತದೆ.

ಬೆಳಕಿನ ಮಾತು ನಿಮ್ಮ ಊರಿಗೆ ಬಹಳ ದೊಡ್ಡದು. ಆಷಾಢದ ಮೋಡ, ಮೇಲೆ ಅಡಿಕೆ ಹೆಡೆಗಳ ಚಪ್ಪರ, ಕೆಳಗೆ ಕಾಳುಮೆಣಸಿನ ಬಳ್ಳಿ. ಬೆಳಿಗ್ಗೆ ಒಂಬತ್ತಕ್ಕೂ ತೋಟದೊಳಗೆ ಮಬ್ಬು. ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಎಳೆಯುತ್ತದೆ. ಐಎಸ್‌ಒ ಎಂದರೆ ಬೆಳಕಿಗೆ ಸೆನ್ಸರ್‌ನ ಸಂವೇದನೆ, ಅದನ್ನು ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ. ಅಲ್ಲಿ 18-140 ಹಾಕಿ ಎಫ್/5.6ರಲ್ಲಿ ತೆಗೆದರೆ ಐಎಸ್‌ಒ 6400 ಮುಟ್ಟುತ್ತದೆ ಎಂದುಕೊಳ್ಳಿ. ಅದೇ ಶಟರ್ ವೇಗಕ್ಕೆ ಎಫ್/1.7ರಲ್ಲಿ ಐಎಸ್‌ಒ 600 ಸಾಕು, ಏಕೆಂದರೆ ಒಳಬರುವ ಬೆಳಕು ಸುಮಾರು ಹನ್ನೊಂದು ಪಟ್ಟು. ಕ್ಯಾಮೆರಾ ಬದಲಿಸಿದ್ದರಿಂದ ಇಷ್ಟು ವ್ಯತ್ಯಾಸ ಎಂದೂ ಆಗದು, ಲೆನ್ಸ್ ಬದಲಿಸಿದ್ದರಿಂದ ಆಗುತ್ತದೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಇಳಿದು ನಿಂತಾಗಿನ ಮುಖ, ಬೆವರು, ತೊಡೆಗೆ ಮೆತ್ತಿದ ಮರದ ಪಾಚಿ ಎಲ್ಲ ಆ ಮಬ್ಬಿನಲ್ಲೂ ತಿಳಿಯಾಗಿ ಸಿಗುತ್ತವೆ.

ಚೌಕಿಯ ಪ್ರಸ್ತಾಪ ಮಾಡಿದ್ದೀರಿ. ನನಗೆ ಇದು ತೀರಾ ಹತ್ತಿರದ ವಿಷಯ, ಹಾಗಾಗಿ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ವೇಷಧಾರಿ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುವ ಹೊತ್ತು ತೀರಾ ಖಾಸಗಿಯಾದದ್ದು. ದೊಡ್ಡ ಕ್ಯಾಮೆರಾ ಕಂಡೊಡನೆ ಬೆನ್ನು ನೆಟ್ಟಗಾಗುತ್ತದೆ, ಮುಖಕ್ಕೆ ಫೋಟೊ ಕಳೆ ಬರುತ್ತದೆ. ಸಣ್ಣದನ್ನು ಎದೆಯ ಮಟ್ಟದಲ್ಲಿ ಹಿಡಿದು, ತಿರುಗುವ ಪರದೆ ನೋಡಿಕೊಂಡು, ಮೌನ ಶಟರ್‌ನಲ್ಲಿ ತೆಗೆದರೆ ಬರೆಯುವ ಕೈ ನಿಲ್ಲುವುದಿಲ್ಲ. ರಂಗಸ್ಥಳದ ಎದುರು ಮೌನ ಶಟರ್‌ನಿಂದ ಯಾವ ಪ್ರಯೋಜನವೂ ಇಲ್ಲ. ಚಂಡೆ-ಮದ್ದಲೆಯ ಅಬ್ಬರದಲ್ಲಿ ಡಿ7200ರ ಟಕ್ ಎಂಬ ಸದ್ದು ಯಾರಿಗೆ ಕೇಳಬೇಕು? ಪ್ರಯೋಜನವಿಲ್ಲದಿರುವುದಷ್ಟೇ ಅಲ್ಲ, ಅಲ್ಲಿ ಮೌನ ಶಟರ್ ಫೋಟೊ ಕೆಡಿಸಲೂಬಹುದು. ಮೌನ ಶಟರ್‌ನಲ್ಲಿ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ ಆ ಮಿನುಗು ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳಾಗಿ ಮೂಡುತ್ತದೆ. ವೇಷದ ಕಿರೀಟವಾದ ಕೇದಗೆ ಮುಂದಲೆಯ ಮೇಲೆ ಇಂಥ ಪಟ್ಟಿ ಬಿದ್ದ ಒಳ್ಳೆಯ ಚಿತ್ರಗಳನ್ನು ನಾನು ಎಷ್ಟೋ ನೋಡಿದ್ದೇನೆ, ಅವನ್ನು ಸರಿಪಡಿಸಲು ಬರುವುದಿಲ್ಲ. ಯಕ್ಷಗಾನದ ಆಟ ತೆಗೆಯುವಾಗ ಮೆಕ್ಯಾನಿಕಲ್ ಶಟರ್ ಇಟ್ಟುಕೊಳ್ಳಿ, ಮೆನುವಿನಲ್ಲಿ ಫ್ಲಿಕರ್ ರಿಡಕ್ಷನ್ ಹಾಕಿಕೊಳ್ಳಿ. ಚೌಕಿಯಲ್ಲಿ ಮೌನ ಬೇಕೆಂದರೆ ಶಟರ್ ವೇಗ 1/50 ಅಥವಾ 1/100 ಇರಲಿ, ಮಿನುಗಿನ ತಾಳಕ್ಕೆ ಅದು ಹೊಂದುತ್ತದೆ. ಬಣ್ಣ ಬರೆಯುವವರು ಅಲುಗಾಡದೆ ಕೂತಿರುತ್ತಾರಾದ್ದರಿಂದ ಅಷ್ಟು ವೇಗ ಸಾಕಾಗುತ್ತದೆ.

ಈಗ ಮೂರು ಹೆಸರುಗಳಿಗೆ ಬರೋಣ. ಗಾತ್ರ ಒಂದನ್ನೇ ನೋಡಿದರೆ ಫ್ಯೂಜಿ ಗೆಲ್ಲುತ್ತದೆ. ಎಕ್ಸ್-ಟಿ30 ಎರಡನೇ ಆವೃತ್ತಿ 378 ಗ್ರಾಂ, ಅದರ 27 ಎಂಎಂ ಎಫ್/2.8 ಲೆನ್ಸ್ ಬರೀ 84 ಗ್ರಾಂ. ಎರಡೂ ಸೇರಿದರೂ ಅರ್ಧ ಕಿಲೋ ಆಗದು. ಬಣ್ಣಗಳೂ ಚೆನ್ನ, ಮೇಲಿನ ಡಯಲ್‌ಗಳೂ ಕೈಗೆ ಹಿತ. ಡಿ7200 ಪೂರ್ತಿ ಬದಿಗಿಟ್ಟು ಹೊಸದಾಗಿ ಶುರುಮಾಡುವವರಾಗಿದ್ದರೆ ನಿಮಗೆ ಅದನ್ನೇ ಹೇಳುತ್ತಿದ್ದೆ. ಸೋನಿ ಎ6400 2019ರದು, ಫೋಕಸ್ ಇಂದಿಗೂ ಚುರುಕು, 16-50 ಕಿಟ್ ಲೆನ್ಸ್ ಸೇರಿ 520 ಗ್ರಾಂ ಒಳಗೇ ಇದೆ. ಆದರೆ ಚಾರ್ಜ್ ಮಾಡಲು ಹಳೆಯ ಮೈಕ್ರೊ ಯುಎಸ್‌ಬಿ, ಮುಂದೆ ಒಂದೇ ಬೆರಳಿಗೆ ಸಿಗುವ ಡಯಲೂ ಇಲ್ಲ. ಎರಡು ಡಯಲ್‌ಗೆ ಎಂಟು ವರ್ಷ ಒಗ್ಗಿದ ಬೆರಳುಗಳಿಗೆ ಅದು ದಿನಾ ಕಿರಿಕಿರಿ.

ನಿಮಗೆ ನನ್ನ ಸಲಹೆ ಝಡ್50-2, 24 ಎಂಎಂ ಎಫ್/1.7ರೊಂದಿಗೆ. ಎರಡೂ ಸೇರಿ ನಿಮ್ಮ ಮಿತಿಯ ಅಂಚಿಗೆ ಬರುತ್ತವೆ. ಕೈ ಬಿಗಿಯೆನಿಸಿದರೆ 2019ರ ಮೊದಲ ಝಡ್50 ಅನ್ನು ಸೆಕೆಂಡ್‌ಹ್ಯಾಂಡ್ ನೋಡಿ, ಸುಮಾರು ನೂರು ಗ್ರಾಂ ಹಗುರ ಕೂಡ. ನಿಕಾನ್ ಏಕೆಂದರೆ, ಎರಡು ಕ್ಯಾಮೆರಾ ಇಟ್ಟುಕೊಂಡವನ ಕಷ್ಟ ಕೈಯಲ್ಲಿರುತ್ತದೆ. ನಿಕಾನ್ ಲೆನ್ಸ್ ತಿರುಗಿಸಿ ಕೂರಿಸುವ ದಿಕ್ಕು ಉಳಿದವರಿಗೆ ತದ್ವಿರುದ್ಧ. ಮೆನುವಿನ ಹೆಸರುಗಳು ಬೇರೆ, ಗುಂಡಿಗಳ ಜಾಗ ಬೇರೆ. ಕತ್ತಲೆಯಲ್ಲಿ, ಅವಸರದಲ್ಲಿ, ಜಾತ್ರೆಯ ನೂಕಿನಲ್ಲಿ ತಲೆಗಿಂತ ಮೊದಲು ಬೆರಳು ಕೆಲಸ ಮಾಡಬೇಕು. ಇನ್ನೊಂದು ಕಾರಣ ಮುಂದಿನದು. ಡಿ7200ರ ಶಟರ್ ಅನ್ನು 1,50,000 ಕ್ಲಿಕ್‌ಗಳವರೆಗೆ ಪರೀಕ್ಷಿಸಲಾಗಿದೆ. ಒಂದಲ್ಲ ಒಂದು ದಿನ ಅದು ದಣಿಯುತ್ತದೆ. ಆಗ ಅಡಾಪ್ಟರ್ ತನ್ನಿ. 200-500 ಅದರ ಮೇಲೆ ಆಟೊಫೋಕಸ್ ಸಹಿತ ಕೆಲಸ ಮಾಡುತ್ತದೆ, ಝಡ್50-2 ಹಕ್ಕಿಯನ್ನು ಗುರುತಿಸಿ ಕಣ್ಣಿಗೇ ಫೋಕಸ್ ಕಚ್ಚಿಕೊಳ್ಳುತ್ತದೆ. 2.3 ಕಿಲೋ ತೂಗುವ ಆ ಲೆನ್ಸಿನ ಹಿಂದೆ ಕೊಳವೆಯೊಂದು ಹೆಚ್ಚಾದರೆ ಯಾರಿಗೂ ಭಾರವಾಗದು. ಅಲ್ಲಿಯವರೆಗೆ ಮಂಗಟ್ಟೆ ಡಿ7200ರ ಪಾಲಿಗೇ ಇರಲಿ. ಅದರ ವ್ಯೂಫೈಂಡರ್‌ನಲ್ಲಿ ಹಕ್ಕಿಯನ್ನು ನೇರ ಬೆಳಕಿನಲ್ಲಿ ನೋಡುವ ಸುಖವೇ ಬೇರೆ, ಮೇಲಾಗಿ ಒಂದು ಚಾರ್ಜಿಗೆ ಅದು 1,110 ಚಿತ್ರ ತೆಗೆಯುತ್ತದೆ. ಮಿರರ್‌ಲೆಸ್‌ನ ಸಣ್ಣ ಬ್ಯಾಟರಿ ಇದರ ಮೂರನೇ ಒಂದು ಭಾಗವೂ ಬಾಳುವುದು ಕಷ್ಟ. ಡಿ7200ರ ಬ್ಯಾಟರಿ ಝಡ್50-2ಕ್ಕೆ ಹೊಂದುವುದಿಲ್ಲವಾದ್ದರಿಂದ ಒಂದು ಹೆಚ್ಚುವರಿ ಬ್ಯಾಟರಿಗೆ ದುಡ್ಡು ಎತ್ತಿಡಿ. ಟೈಪ್-ಸಿ ಕೇಬಲ್ ಇರುವುದರಿಂದ ಫೋನಿನ ಪವರ್‌ಬ್ಯಾಂಕ್ ಕೂಡ ಆಗುತ್ತದೆ.

ವ್ಯೂಫೈಂಡರ್ ಇಲ್ಲದ ಬಾಡಿಗಳು ಇನ್ನೂ ಸಣ್ಣವು, ಅಗ್ಗ ಕೂಡ. ನಿಕಾನ್ ಝಡ್30, ಫ್ಯೂಜಿ ಎಕ್ಸ್-ಎಂ5 ಆ ಸಾಲಿನವು. ನಮ್ಮ ಜಿಲ್ಲೆಗೆ ನಾನು ಅವನ್ನು ಹೇಳುವುದಿಲ್ಲ. ಗೋಕರ್ಣದ ಮರಳಿನ ಮೇಲೆ ಬೆಳಿಗ್ಗೆ ಹನ್ನೊಂದಕ್ಕೆ ಹಿಂದಿನ ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ, ಚಿತ್ರ ಕಾಣುವುದಿಲ್ಲ.

ಕೊನೆಗೆ ಮಳೆ. ಉಂಚಳ್ಳಿ ಜಲಪಾತವನ್ನು ಜುಲೈನಲ್ಲೇ ತೆಗೆಯಬೇಕು ಎನ್ನುವ ಹುಚ್ಚಿದ್ದರೆ, ಒಎಂ ಸಿಸ್ಟಂನ ಒಎಂ-5 ಎಂಬ ಕ್ಯಾಮೆರಾ ನೋಡಬಹುದು. ಸೀಲ್ ಇರುವ ಲೆನ್ಸ್ ಹಾಕಿದಾಗ ಅದು ಐಪಿ53 ಮಟ್ಟದ ತುಂತುರು ತಡೆಯುತ್ತದೆ. ಕೈ ನಡುಕವನ್ನು ಸೆನ್ಸರೇ ಸರಿದೂಗಿಸುತ್ತದೆ, ಹಾಗಾಗಿ ನೀರನ್ನು ಹಾಲಿನಂತೆ ಹರಿಸುವ ನಿಧಾನ ಶಟರನ್ನು ಟ್ರೈಪಾಡ್ ಇಲ್ಲದೆಯೂ ಪ್ರಯತ್ನಿಸಬಹುದು. ಝಡ್50-2ರಲ್ಲಿ ಈ ಸೌಲಭ್ಯ ಇಲ್ಲ. ಸೆನ್ಸರ್ ಸಣ್ಣದು ಎಂಬುದು ಒಎಂ-5ರ ಕೊರತೆ, 17.3 ಗುಣಿಲೆ 13 ಮಿಲಿಮೀಟರ್. ನಿಮ್ಮದು 23.5 ಗುಣಿಲೆ 15.6.

ಮಳೆಗಿಂತ ಮೋಸಗಾರ ಎಂದರೆ ತೇವ. ಒಂದು ಮಳೆಗಾಲ ನನ್ನ ಇಷ್ಟದ 35 ಎಂಎಂ ಲೆನ್ಸನ್ನು ಬ್ಯಾಗಿನೊಳಗೇ ಬಿಟ್ಟಿದ್ದೆ. ದೊಡ್ಡ ಕ್ಯಾಮೆರಾ ಹೊರತೆಗೆಯುವ ಪ್ರಸಂಗವೇ ಬರಲಿಲ್ಲ. ಚೌತಿ ಹೊತ್ತಿಗೆ ತೆಗೆದು ನೋಡಿದರೆ ಒಳಗಾಜಿನ ಮೇಲೆ ಜೇಡನ ಬಲೆಯಂತೆ ಬೂಸ್ಟು ಹಬ್ಬಿತ್ತು. ಅದನ್ನು ಬಿಚ್ಚಿ ಒರೆಸಿದ ಮೇಲೂ ಗಾಜಿನ ಲೇಪಕ್ಕೆ ಕಚ್ಚಿದ ಗುರುತು ಹೋಗಲಿಲ್ಲ. ದಿನಾ ಹೊರಗೆ ಬರುವ ಕ್ಯಾಮೆರಾಕ್ಕೆ ಬೂಸ್ಟು ಹತ್ತುವುದು ಕಡಿಮೆ, ಮನೆಯಲ್ಲೇ ಉಳಿಯುವ ಡಿ7200 ಬಗ್ಗೆಯೇ ಹೆಚ್ಚು ಕಾಳಜಿ ಬೇಕು. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಒಳಗೊಂದು ಸಣ್ಣ ಆರ್ದ್ರತಾ ಮಾಪಕ. ಮುಳ್ಳು 40ರಿಂದ 50ರ ನಡುವೆ ಇರಲಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಡುವವರಿದ್ದಾರೆ, ದಯವಿಟ್ಟು ಬೇಡ. ಹೊಗೆಯ ಜಿಡ್ಡು ಗಾಜಿಗೆ ಕೂತರೆ ಬೂಸ್ಟಿಗೆ ಅದೇ ಆಹಾರ.

ಪ್ರಶ್ನೆ: ಕಾರವಾರದಲ್ಲಿದ್ದೇನೆ. ಕ್ಯಾನನ್ 80ಡಿ ಇದೆ, 18-135 ಮತ್ತು 55-250 ಲೆನ್ಸ್‌ಗಳಿವೆ. ಬೆಳಿಗ್ಗೆ ಬೈತ್‌ಕೋಲ್ ಬಂದರಿಗೆ, ಏಂಡಿ ಬಲೆ ಎಳೆಯುವಲ್ಲಿಗೆ ಒಯ್ಯಲು ಸಣ್ಣದೊಂದು ಬೇಕು. ಪರಿಚಯದವರು ಬಳಸಿದ ಕ್ಯಾನನ್ ಎಂ50 ಕಡಿಮೆ ಬೆಲೆಗೆ ಕೊಡುತ್ತಾರಂತೆ. ತೆಗೆದುಕೊಳ್ಳಲೇ?

ಉತ್ತರ: ಎಂ50 ಕೆಟ್ಟ ಕ್ಯಾಮೆರಾ ಅಲ್ಲ, ಆದರೆ ಅದರ ದಾರಿ ಮುಚ್ಚಿದೆ. ಕ್ಯಾನನ್ 2012ರಲ್ಲಿ ಶುರುಮಾಡಿದ ಎಂ ಸರಣಿಯನ್ನು, 2018ರಲ್ಲಿ ಆರ್ ಸರಣಿ ಬಂದ ಮೇಲೆ ನಿಧಾನವಾಗಿ ಕೈಬಿಟ್ಟಿತು. ಎಂ ಲೆನ್ಸ್‌ಗಳನ್ನು ಮುಂದೆ ಆರ್ ಬಾಡಿಗೆ ಹಾಕಿಕೊಳ್ಳೋಣ ಎಂದರೂ ಆಗದು. ಎಂ ಲೆನ್ಸ್ ಸೆನ್ಸರ್‌ನಿಂದ 18 ಮಿಲಿಮೀಟರ್ ದೂರ ಕೂರಬೇಕು, ಆರ್ ಬಾಡಿಯಲ್ಲಿ ಆ ದೂರವೇ 20. ಅಡಾಪ್ಟರ್‌ಗೆ ಜಾಗವೇ ಉಳಿಯುವುದಿಲ್ಲ. ನಿಮ್ಮ 80ಡಿಯ ಲೆನ್ಸ್‌ಗಳಿಗೆ ಆ ತೊಂದರೆ ಇಲ್ಲ, ಅವು 44 ಮಿಲಿಮೀಟರ್‌ನವು, ಕ್ಯಾನನ್ ಅಡಾಪ್ಟರ್‌ನೊಂದಿಗೆ ಆರ್ ಬಾಡಿಯಲ್ಲೂ ಪೂರ್ತಿ ಕೆಲಸ ಮಾಡುತ್ತವೆ.

ಹಾಗಾಗಿ ಆರ್50 ಕೊಳ್ಳಿ. ಬ್ಯಾಟರಿ, ಕಾರ್ಡ್ ಸೇರಿ 375 ಗ್ರಾಂ. ಅದಕ್ಕೆ 120 ಗ್ರಾಂನ ಆರ್‌ಎಫ್ 28 ಎಂಎಂ ಎಫ್/2.8 ಹಾಕಿದರೆ ಚಪ್ಪಟೆಯಾದ ಚಂದದ ಜೋಡಿ. ಎರಡು ಡಯಲ್ ಬೇಕೇ ಬೇಕೆಂದರೆ ಆರ್10. ಎಂ50 ಜೊತೆಗೆ 22 ಎಂಎಂ ಎಫ್/2 ಲೆನ್ಸೂ ಸಿಗುವುದಾದರೆ ಮಾತ್ರ ಆ ಹಳೆಯದನ್ನು ಯೋಚಿಸಿ. 105 ಗ್ರಾಂನ ಅಂಥ ಲೆನ್ಸ್ ಆರ್ ಸರಣಿಯಲ್ಲಿ ನನಗಿನ್ನೂ ಕಂಡಿಲ್ಲ. ಇನ್ನೇನೂ ಸೇರಿಸದೆ ಆ ಒಂದೇ ಲೆನ್ಸಿನಲ್ಲಿ ವರ್ಷಗಟ್ಟಲೆ ತೆಗೆಯುತ್ತೇನೆ ಎನ್ನುವವರಿಗೆ ಮುಚ್ಚಿದ ದಾರಿಯ ಚಿಂತೆ ಇರದು.

ಬಲೆ ಎಳೆಯುವಲ್ಲಿ ಲೆನ್ಸ್ ಬದಲಿಸಬೇಡಿ. ಮಿರರ್‌ಲೆಸ್‌ನಲ್ಲಿ ಸೆನ್ಸರ್‌ಗೆ ಕನ್ನಡಿಯ ಮರೆ ಇಲ್ಲ, ಉಪ್ಪುಗಾಳಿ ನೇರ ಅದರ ಮೇಲೇ ಬೀಳುತ್ತದೆ. ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಬಾಡಿ ಒರೆಸಿ, ಆಮೇಲೆ ಒಣಬಟ್ಟೆ. ಬಳಸಿದ್ದು ಕೊಳ್ಳುವುದಾದರೆ ಎರಡು ಪರೀಕ್ಷೆ ಮಾಡಿ. ಎಫ್/16ರಲ್ಲಿ ಬರೀ ಆಕಾಶದ ಫೋಟೊ ತೆಗೆಯಿರಿ, ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ, ಅದನ್ನು ಶುಚಿಮಾಡಿಸಬಹುದು. ಇನ್ನೊಂದು, ಲೆನ್ಸನ್ನು ಕಳಚಿ ಹಿಂದಿನಿಂದ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ನೋಡಿ. ಮಸುಕಾದ ಎಳೆಗಳೇನಾದರೂ ಕಂಡರೆ ಅದು ಬೂಸ್ಟು. ಬೆಲೆ ಎಷ್ಟು ಇಳಿಸಿದರೂ ಆ ಲೆನ್ಸ್ ಬೇಡ, ನಿಮ್ಮ ಒಳ್ಳೆಯ ಲೆನ್ಸ್‌ಗಳ ಡಬ್ಬದೊಳಗೆ ಅದನ್ನು ಒಂದು ರಾತ್ರಿಯೂ ಇಡಬೇಡಿ.