ಅಪ್ಪನ ಕಡೆಯ ಕ್ಯಾನ್ಸರ್ ಲೆಕ್ಕಕ್ಕಿಲ್ಲವೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

34 ವರ್ಷದ ಮಹಿಳೆ, ಉಡುಪಿ ಹತ್ತಿರದವರು, ಬ್ಯಾಂಕ್ ಉದ್ಯೋಗಿ. ಒಬ್ಬಳು ಮಗಳು. ಅವರ ಅಪ್ಪನ ಅಕ್ಕನಿಗೆ 38ರಲ್ಲೇ ಸ್ತನ ಕ್ಯಾನ್ಸರ್ ಆಗಿ ಗುಣವಾಗಿತ್ತು. ಈಗ ಇನ್ನೊಂದು ಬದಿಯಲ್ಲೂ ಬಂದಿದೆ. ಮನೆಯವರು ಒಮ್ಮೆ ವಿಚಾರಿಸಿಕೊಳ್ಳಲಿ ಎಂದು ಅತ್ತೆಯ ಡಾಕ್ಟರ್ ಹೇಳಿದ್ದರಿಂದ ನನ್ನಲ್ಲಿಗೆ ಬಂದಿದ್ದರು.

"ಅತ್ತೆಯ ಬಳಿ (ಕುಲ) ಬೇರೆ, ನಮ್ಮದು ಬೇರೆ ಮೇಡಂ. ನಮ್ಮದು ಅಳಿಯಕಟ್ಟು, ವಂಶ ಅಮ್ಮನ ಕಡೆಯಿಂದ. ಮತ್ತೆ ಈ ಬಿಆರ್‌ಸಿಎ ಯಹೂದಿಗಳಲ್ಲಿ ಜಾಸ್ತಿ ಅಂತ ಓದಿದೆ. ನಮಗೆ ಇಲ್ಲ ಅಲ್ವಾ?"

ಎರಡಕ್ಕೂ ಉತ್ತರ ಕೊಡಬೇಕಿತ್ತು. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಎರಡು ಜೀನ್‌ಗಳಲ್ಲಿ ದೋಷವಿದ್ದರೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚು. ಬಳಿ ಅಮ್ಮನಿಂದ ಬರುತ್ತದೆ, ಸರಿ. ಆದರೆ ಜೀನ್ ಅರ್ಧ ಅಪ್ಪನದು. ಅಪ್ಪನಲ್ಲಿ ದೋಷವಿದ್ದರೆ ಮಗನಾಗಲಿ ಮಗಳಾಗಲಿ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ನಮ್ಮೂರಲ್ಲಿ ಕುಟುಂಬದ ಆರೋಗ್ಯ ಕೇಳಿದರೆ ಅಮ್ಮನ ಕಡೆಯದನ್ನೇ ಹೇಳುವವರು ಬಹಳ. ಅದಕ್ಕೇ ನಾನು ಅಪ್ಪನ ಕಡೆಯದನ್ನು ಕೆದಕಿ ಕೇಳುತ್ತೇನೆ.

ಅಶ್ಕೆನಾಜಿ (ಯುರೋಪ್ ಮೂಲದ) ಯಹೂದಿಗಳಲ್ಲಿ ಸುಮಾರು 40 ಜನರಲ್ಲಿ ಒಬ್ಬರಿಗೆ ಈ ದೋಷ ಇರುತ್ತದೆ, ನಿಜ. ಹಿಂದೆ ಸಣ್ಣ ಗುಂಪಾಗಿದ್ದು ತಮ್ಮೊಳಗೇ ಮದುವೆಯಾಗುತ್ತಾ ಬಂದದ್ದರಿಂದ ಮೂರು ನಿರ್ದಿಷ್ಟ ಬದಲಾವಣೆಗಳು ಉಳಿದುಕೊಂಡವು. ಐಸ್‌ಲ್ಯಾಂಡಿನಲ್ಲೂ ಬಿಆರ್‌ಸಿಎ2ರ ಒಂದು ಬದಲಾವಣೆ ಹಾಗೆಯೇ ಹರಡಿದೆ. ಆದರೆ ಆ ಎರಡು ಜೀನ್‌ಗಳು ಎಲ್ಲರಲ್ಲೂ ಇವೆ, ಎಲ್ಲಿ ಬೇಕಾದರೂ ಕೆಡಬಹುದು. ಯಹೂದಿಗಳ ಆ ಮೂರರಲ್ಲಿ ಒಂದು, ದಕ್ಷಿಣ ಭಾರತದ ಕುಟುಂಬಗಳಲ್ಲೂ ಸಿಕ್ಕಿದೆ. ನಮ್ಮವರಿಗೆ ಮೂರು ಜಾಗ ನೋಡಿದರೆ ಸಾಲದು, ಇಡೀ ಜೀನ್ ಓದಬೇಕು.

ಮೊದಲು ಟೆಸ್ಟ್ ಆಗಬೇಕಾದ್ದು ಕಾಯಿಲೆ ಬಂದವರಿಗೆ. ಅತ್ತೆ, "ಈ ಪ್ರಾಯದಲ್ಲಿ ನಂಗೆ ಇನ್ನೆಂತ ಟೆಸ್ಟ್ ಮಾರಾಯ್ತಿ" ಅಂದರಂತೆ. ಇವರು ತಮ್ಮ ಮಗಳ ಫೋಟೊ ತೋರಿಸಿದ ಮೇಲೆ ಅತ್ತೆ ರಕ್ತ ಕೊಟ್ಟರು.

ಅತ್ತೆಯ ವರದಿ ಬಂತು: ಬಿಆರ್‌ಸಿಎ2ರಲ್ಲಿ ಒಂದು ಬದಲಾವಣೆ, ಅದು ಅಪಾಯವೋ ಅಲ್ಲವೋ ಖಚಿತವಿಲ್ಲ. ರಾತ್ರಿಯೇ ಇವರ ಫೋನ್. "ನನ್ನ ಎರಡೂ ಸ್ತನ ತೆಗೆಸಿಬಿಡಲಾ?"

ಬೇಡ ಎಂದೆ. ಹೋಲಿಸಿ ನೋಡಲು ಇರುವ ಮಾಹಿತಿ ಹೆಚ್ಚಿನದು ಯುರೋಪ್ ಮೂಲದವರದ್ದು. ಅದಕ್ಕೇ ನಮ್ಮಂಥವರಿಗೆ ಇಂಥ ವರದಿ ಜಾಸ್ತಿ ಬರುತ್ತದೆ. ಇದು ನನಗೆ ಬೇಸರದ ವಿಷಯ, ಬಾಧೆಪಡುವವರು ಇಲ್ಲಿಯ ಹೆಣ್ಣುಮಕ್ಕಳು. ಇಂಥ ಬದಲಾವಣೆಗಳಲ್ಲಿ ಹೆಚ್ಚಿನವು ಮುಂದೆ ನಿರಪಾಯ ಎಂದೇ ತೀರ್ಮಾನವಾಗುತ್ತವೆ. ಇಂಥ ವರದಿಯನ್ನು ನಂಬಿ ಆಪರೇಷನ್ ಮಾಡಿಸಬಾರದು, ಅದೊಂದಕ್ಕಾಗಿ ಮನೆಯವರೆಲ್ಲ ಟೆಸ್ಟ್ ಮಾಡಿಸುವುದೂ ಬೇಡ.

ಹಾಗಂತ ಸುಮ್ನೆ ಕೂರುವಂತಿಲ್ಲ. ಅತ್ತೆಗೆ 38ರಲ್ಲಿ ಬಂದದ್ದು ಬದಲಾಗುವುದಿಲ್ಲ. ತಪಾಸಣೆ ಈಗಲೇ ಶುರುಮಾಡಿ, ಈ ವಯಸ್ಸಿನಲ್ಲಿ ಸ್ತನ ಹೆಚ್ಚಾಗಿ ದಟ್ಟವಾಗಿರುವುದರಿಂದ ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಜೊತೆ ಎಂಆರ್‌ಐ ಬೇಕೇ ಎಂದು ತಜ್ಞರನ್ನು ಕೇಳಿ ಎಂದೆ. ವರದಿಯ ಪ್ರತಿ ಜೋಪಾನ ಮಾಡಿ, ವರ್ಷಕ್ಕೊಮ್ಮೆ ಲ್ಯಾಬ್‌ಗೆ ಫೋನ್ ಮಾಡಿ ತೀರ್ಮಾನ ಬದಲಾಗಿದೆಯೇ ವಿಚಾರಿಸಿ. ಅತ್ತೆಯ ವಿಷಯ ನಿಮ್ಮ ಅಣ್ಣನಿಗೂ ಹೇಳಿ, ಅವರಿಗೂ ಹೆಣ್ಣುಮಕ್ಕಳಿದ್ದಾರಲ್ಲ.