ಪ್ರೌಢಶಾಲೆಯ ಮಕ್ಕಳ ಕ್ಲಬ್ ನಿಜಕ್ಕೂ ಉಪಯೋಗಕ್ಕೆ ಬರುವ ಯಾವ ಸೇವಾ ಕೆಲಸ ಮಾಡಬಹುದು?

ಒಂಬತ್ತನೇ ತರಗತಿಯ ನಿಮ್ಮ ಮಗಳು, ರೋಟರಿ ಸಂಸ್ಥೆಯ ಆಶ್ರಯದಲ್ಲಿ ಶಾಲೆಯ ಮಕ್ಕಳು ನಡೆಸುವ ಇಂಟರ‍್ಯಾಕ್ಟ್ ಕ್ಲಬ್‌ಗೆ ಕಾರ್ಯದರ್ಶಿಯಾಗಿದ್ದಾಳೆ, ಫೋಟೊ ತೆಗೆಸಿಕೊಂಡು ಮುಗಿಸುವ ಕೆಲಸ ಬೇಡ, ಬೇರೇನು ಮಾಡಬಹುದು ಎಂದು ಕೇಳಿದ್ದೀರಿ. ನಾನು ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಇಂಥದೇ ಕ್ಲಬ್‌ನ ಹೊಣೆ ಹೊತ್ತು ಏಳು ವರ್ಷವಾಯಿತು. ನಾನು ಹೇಳುವುದು ಕಸದ ಕೆಲಸ. ಇಡೀ ವಾರ್ಡಿನದಲ್ಲ, ಶಾಲೆಯ ಪಕ್ಕದ ಒಂದೇ ಬೀದಿಯ ಒಣ ಕಸ.

ಮೊದಲ ವರ್ಷ ನಾವೂ ಜೂನ್ 5ರಂದು ನಲವತ್ತು ಹೊಂಗೆ ಸಸಿ ನೆಟ್ಟಿದ್ದೆವು. ಮಳೆಗಾಲದಲ್ಲಿ ಚೆನ್ನಾಗಿ ಚಿಗುರಿದವು. ಮಾರ್ಚ್‌ನಲ್ಲಿ ಪರೀಕ್ಷೆ, ಆಮೇಲೆ ಮೇ ಮುಗಿಯುವವರೆಗೆ ರಜೆ. ನೀರು ಬೇಕಾದ ಹೊತ್ತಿಗೇ ನೀರು ಹಾಕುವ ಮಕ್ಕಳಿಲ್ಲ. ಶಾಲೆ ತೆರೆದಾಗ ಉಳಿದದ್ದು ಆರು. ಒಬ್ಬ ಹುಡುಗ ಒಣಗಿದ ಸಸಿಯ ತೊಗಟೆಯನ್ನು ಉಗುರಿನಿಂದ ಕೆರೆದು, ಒಳಗೆ ಹಸಿರಿದೆಯೇ ಎಂದು ನೋಡುತ್ತಿದ್ದ. ಗಿಡ ನೆಡಬೇಡಿ ಎನ್ನುವುದಿಲ್ಲ. ಬೇಸಿಗೆಯಲ್ಲಿ ಯಾರ ಮನೆಯ ನಲ್ಲಿಯಿಂದ ನೀರು ಎಂಬುದು ತೀರ್ಮಾನವಾದ ಮೇಲೆ ನೆಡಿ.

ಮರುವರ್ಷ ಮನೆ ಮನೆಗೆ ಹೋಗುವ ಮೊದಲು ಮಕ್ಕಳನ್ನು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಕರೆದೊಯ್ದೆ. ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಎಂಬ ಕ್ರಮವನ್ನು ಹೈಕೋರ್ಟ್ 2015ರ ಡಿಸೆಂಬರ್‌ನಲ್ಲೇ ಕಡ್ಡಾಯ ಮಾಡಿದೆ. ಅದು ಮಕ್ಕಳಿಗೆ ಬಾಯಿಪಾಠ. ಗೊತ್ತಿಲ್ಲದ್ದನ್ನು ಹೇಳಿಕೊಟ್ಟವರು ಅಲ್ಲಿ ಕಸ ಬೇರ್ಪಡಿಸುವ ಹೆಂಗಸರು. ತೊಳೆಯದ ಹಾಲಿನ ಪ್ಯಾಕೆಟ್ ಎರಡೇ ದಿನಕ್ಕೆ ನಾರುತ್ತದೆ. ಅದರ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಿದರೆ ಆ ಚೂರು ಯಾರ ಕೈಗೂ ಸಿಗದೆ ಮಣ್ಣು ಸೇರುತ್ತದೆ. ಸೀಳು ಕೊಟ್ಟು ಹಾಗೇ ಬಿಡಬೇಕು. ಒಡೆದ ಗಾಜನ್ನು ಕಾಗದದಲ್ಲಿ ದಪ್ಪಗೆ ಸುತ್ತಿ ಬೇರೆಯಾಗಿಯೇ ಕೊಡಬೇಕು. ಇದನ್ನು ಹೇಳಿದ ಅಮ್ಮ ತಮ್ಮ ಅಂಗೈ ಬಿಚ್ಚಿ ತೋರಿಸಿದರು. ಸದಾ ಗಲಾಟೆ ಮಾಡುವ ನನ್ನ ಮಕ್ಕಳು ಆ ಗಾಯದ ಗೆರೆಗಳನ್ನು ನೋಡಿ ಸುಮ್ಮನೆ ನಿಂತುಬಿಟ್ಟರು. ನಾನು ತರಗತಿಯಲ್ಲಿ ಎಷ್ಟು ಪಾಠ ಮಾಡಿದ್ದರೂ ಅದು ಆಗುತ್ತಿರಲಿಲ್ಲ.

ಆಮೇಲೆ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಒಂದೇ ಬೀದಿ. ಮೊದಲ ತಿಂಗಳು ಹಾಲಿನ ಪ್ಯಾಕೆಟ್ ಬಿಟ್ಟು ಬೇರೆ ಮಾತಿಲ್ಲ. "ಅಜ್ಜಿ, ತೊಳೆದು ಒಣಗಿಸಿ ಇಡುತ್ತೀರಾ?" ಎಂದು ಮಗು ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಕೆಲಸಕ್ಕೋ ಓದಿಗೋ ಬಂದವರು ಬಾಡಿಗೆಗೆ ಉಳಿಯುವ ಪಿ.ಜಿ. ಕಟ್ಟಡಗಳು ಮಾತ್ರ ಬಹಳ ಕಷ್ಟ. ಇಂದು ಹೇಳಿಸಿಕೊಂಡವರು ಮುಂದಿನ ತಿಂಗಳು ಅಲ್ಲಿರುವುದಿಲ್ಲ. ಅಲ್ಲಿ ಅಡುಗೆಯವರನ್ನೇ ಹಿಡಿಯಬೇಕು. ದೀಪಾವಳಿಯ ಹೊತ್ತಿಗೆ ಕೇಂದ್ರದ ಅಮ್ಮ, ನಮ್ಮ ಬೀದಿಯ ಚೀಲವನ್ನು ಬಿಚ್ಚುವಾಗಲೇ ಗುರುತು ಸಿಗುತ್ತದೆ, ವಾಸನೆಯಿಲ್ಲ ಎಂದರು.

ಇಂಟರ‍್ಯಾಕ್ಟ್ ನಿಯಮದಂತೆ ಕ್ಲಬ್ ವರ್ಷಕ್ಕೆ ಕನಿಷ್ಠ ಎರಡು ಯೋಜನೆ ನಡೆಸಬೇಕು. ಊರಿಗೆ ಸಂಬಂಧಿಸಿದ ಒಂದು ಇದರಲ್ಲೇ ಮುಗಿಯುತ್ತದೆ. ಮಕ್ಕಳು ಕಸವನ್ನು ಮುಟ್ಟುವುದು ಬೇಡ, ಕೇಂದ್ರದಲ್ಲಿಯೂ ಬೇಡ. ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು. ಯಾವ ಮನೆಯಲ್ಲಿ ಏನು ಹೇಳಿದೆವು ಎಂಬುದಕ್ಕೆ ಒಂದು ನೋಟ್‌ಪುಸ್ತಕವಿರಲಿ. ಎಂಟನೇ ತರಗತಿಯ ಇಬ್ಬರನ್ನು ನಿಮ್ಮ ಮಗಳು ಈಗಿನಿಂದಲೇ ಜೊತೆಗೆ ಕರೆದುಕೊಂಡು ಹೋಗಲಿ. ಮುಂದಿನ ವರ್ಷ ಅವಳಿಗೆ ಎಸ್ಸೆಸ್ಸೆಲ್ಸಿ. ಆ ಪುಸ್ತಕ ಅವರ ಕೈಗೆ ಹೋಗಬೇಕು.