ಗೋಲ್ಡ್‌ಫಿಶ್ ಮಗುಚಿ ತೇಲುತ್ತಿದೆಯೇ? ಔಷಧಕ್ಕಿಂತ ಮೊದಲು ನೀರು ನೋಡಿ

ಆ ನೀಲಿ ಔಷಧ ಇನ್ನೂ ಹಾಕಿಲ್ಲ ಅಂದರೆ ದಯವಿಟ್ಟು ಹಾಕಬೇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ನೀವು ಬರೆದದ್ದು ಇಷ್ಟು: ಬೆಂಗಳೂರಿನ ಮನೆ, 20 ಲೀಟರ್ ಟ್ಯಾಂಕ್, ಅದರಲ್ಲಿ ಒಂದೇ ಒರಾಂಡಾ (ದುಂಡು ಮೈಯ ಗೋಲ್ಡ್‌ಫಿಶ್ ತಳಿ). ಡಿಸೆಂಬರ್ ಶುರುವಾದ ಮೇಲೆ ಅದು ತಿಂದ ಕೂಡಲೇ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತದೆ, ಕೆಳಗೆ ಹೋಗಲು ಒದ್ದಾಡುತ್ತದೆ. ಆದರೂ ಆಹಾರ ಹಾಕಿದರೆ ಬಂದು ತಿನ್ನುತ್ತದೆ. ಅಂಗಡಿಯವರು ನೀಲಿ ಔಷಧ ಕೊಟ್ಟಿದ್ದಾರೆ, ಅಮ್ಮ ಕೆರೆಗೆ ಬಿಟ್ಟುಬಿಡು ಅನ್ನುತ್ತಿದ್ದಾರೆ. ತಿನ್ನುವ ಆಸೆ ಇನ್ನೂ ಇದೆ ಎಂಬುದೇ ದೊಡ್ಡ ವಿಷಯ. ಇಂಥ ಮೀನುಗಳಲ್ಲಿ ಎಷ್ಟೋ ಸುಧಾರಿಸಿದ್ದನ್ನು ನಾನು ನೋಡಿದ್ದೇನೆ. ನಾನು ಒರಾಂಡಾ, ರ‍್ಯುಕಿನ್ ಸಾಕುತ್ತಾ ಬಹಳ ವರ್ಷಗಳಾದವು.

ಮೀನಿನ ಬೆನ್ನುಮೂಳೆಯ ಕೆಳಗೆ ಒಂದು ಗಾಳಿಚೀಲ ಇರುತ್ತದೆ. ಸ್ವಿಮ್ ಬ್ಲ್ಯಾಡರ್ ಅನ್ನುವುದು ಇದನ್ನೇ. ಅದರಲ್ಲಿರುವ ಗಾಳಿಯಿಂದಲೇ ಮೀನು ಮುಳುಗದೆ, ತೇಲದೆ ನಡುನೀರಿನಲ್ಲಿ ನಿಲ್ಲುತ್ತದೆ. ಗೋಲ್ಡ್‌ಫಿಶ್‌ನಲ್ಲಿ ಈ ಚೀಲಕ್ಕೆ ಎರಡು ಕೋಣೆ. ಚೀಲದಿಂದ ಅನ್ನನಾಳಕ್ಕೆ ಒಂದು ಸಣ್ಣ ಕೊಳವೆಯೂ ಇದೆ. ಒರಾಂಡಾ, ರ‍್ಯುಕಿನ್, ರಾಂಚು ತಳಿಗಳನ್ನು ಚೀನಾ, ಜಪಾನ್‌ಗಳಲ್ಲಿ ತಲೆಮಾರುಗಳ ಕಾಲ ಆರಿಸಿ ಆರಿಸಿ ದುಂಡಗೆ ಮಾಡಿದ್ದಾರೆ. ಮೈ ಗಿಡ್ಡವಾಯಿತು, ಒಳಗಿನ ಅಂಗಗಳು ಮಾತ್ರ ಕಡಿಮೆಯಾಗಲಿಲ್ಲ. ಸಣ್ಣ ಡಬ್ಬಿಗೆ ಜಾಸ್ತಿ ಬಟ್ಟೆ ತುರುಕಿದ ಹಾಗೆ ಎಲ್ಲವೂ ಒತ್ತಿಕೊಂಡಿರುತ್ತವೆ. ಕರುಳು ಸ್ವಲ್ಪ ಉಬ್ಬಿದರೂ ಗಾಳಿಚೀಲ ಪಕ್ಕಕ್ಕೆ ಸರಿಯುತ್ತದೆ, ಮೀನು ವಾಲುತ್ತದೆ. ಉದ್ದ ಮೈಯ ಸಾಧಾರಣ ಗೋಲ್ಡ್‌ಫಿಶ್‌ಗೆ ಈ ಕಾಟ ಕಡಿಮೆ.

ಮಗುಚುವುದು ಒಂದು ಲಕ್ಷಣ ಅಷ್ಟೇ, ಅದೇ ಕಾಯಿಲೆ ಅಲ್ಲ. ಕಾರಣ ಕೊಳೆ ನೀರಿರಬಹುದು, ಜಾಸ್ತಿ ತಿಂದದ್ದಿರಬಹುದು, ಚಳಿ ಇರಬಹುದು, ಸೋಂಕು ಇರಬಹುದು, ಮೂತ್ರಪಿಂಡ ಕೆಟ್ಟಿರಬಹುದು, ಹೆಣ್ಣಾದರೆ ಮೊಟ್ಟೆ ಕಟ್ಟಿಕೊಂಡಿರಬಹುದು. ಒಂದೇ ಬಾಟಲಿ ಇವೆಲ್ಲಕ್ಕೂ ಮದ್ದಾಗುವುದು ಹೇಗೆ? ಅಂಗಡಿಯಲ್ಲಿ ಕೊಡುವ ನೀಲಿ ದ್ರವ ಸಾಮಾನ್ಯವಾಗಿ ಮೆಥಿಲೀನ್ ಬ್ಲೂ. ಮೊಟ್ಟೆಗಳಿಗೆ ಬೂಸು ಹಿಡಿಯದಂತೆ ತಡೆಯಲು ಅದು ಒಳ್ಳೆಯದೇ. ಆದರೆ ಟ್ಯಾಂಕಿಗೆ ಸುರಿದರೆ ಫಿಲ್ಟರ್ ಸ್ಪಂಜಿನಲ್ಲಿ ಬೆಳೆದಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಬೀಳುತ್ತದೆ. ಮೀನಿನ ಮೈಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವುದು ಅವೇ. ಅವು ಸತ್ತರೆ ಕಾಯಿಲೆ ಮೀನು ವಿಷದ ನೀರಿನಲ್ಲಿ ಇರಬೇಕಾಗುತ್ತದೆ. ಮೆಡಿಕಲ್ ಶಾಪ್‌ನಿಂದ ಮನುಷ್ಯರ ಆಂಟಿಬಯೋಟಿಕ್ ತಂದು ಕ್ಯಾಪ್ಸೂಲ್ ಬಿಚ್ಚಿ ಸುರಿಯುವ ಸಲಹೆಯೂ ನಿಮಗೆ ಬರಬಹುದು. ಅದೂ ಬೇಡ.

ಇವತ್ತೇ ನೀರು ಪರೀಕ್ಷಿಸುವ ಒಂದು ಟೆಸ್ಟ್ ಕಿಟ್ ತನ್ನಿ. ಅದ್ದಿ ನೋಡುವ ಕಾಗದದ ಪಟ್ಟಿಗಿಂತ ಹನಿ ಹಾಕಿ ಬಣ್ಣ ನೋಡುವ ಕಿಟ್ ವಾಸಿ. ಅಮೋನಿಯಾ ಸೊನ್ನೆ ಇರಬೇಕು, ನೈಟ್ರೈಟ್ ಸೊನ್ನೆ ಇರಬೇಕು, ನೈಟ್ರೇಟ್ 40 ಪಿಪಿಎಂ ಒಳಗೆ ಇರಬೇಕು. ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಸಾಲದು. ಅಮೋನಿಯಾ ಕಾಣುವುದಿಲ್ಲ. ಗೋಲ್ಡ್‌ಫಿಶ್ ಜಾಸ್ತಿ ತಿಂದು ಜಾಸ್ತಿ ಗಲೀಜು ಮಾಡುವ ಮೀನು, 20 ಲೀಟರ್ ಅದಕ್ಕೆ ಏನೇನೂ ಸಾಲದು. ಒಂದು ಒರಾಂಡಾಗೆ ಕನಿಷ್ಠ 70-80 ಲೀಟರ್ ಬೇಕು. ಹೊಸ ಟ್ಯಾಂಕ್ ಬರುವವರೆಗೆ ದಿನಾ ಮೂರನೇ ಒಂದು ಭಾಗ ನೀರು ಬದಲಿಸಿ. ಕಾವೇರಿ ನೀರಾದರೆ ಕ್ಲೋರಿನ್ ಇರುತ್ತದೆ, ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹಾಕದೆ ಬಳಸಬೇಡಿ. ಬೋರ್‌ವೆಲ್ ನೀರಾದರೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಕೂಡ ನೋಡಿ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚು. ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಲಿ. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಕಿಟ್‌ನಲ್ಲಿ ನೈಟ್ರೈಟ್ ಕಂಡರೆ ಮಾತ್ರ ಲೀಟರಿಗೆ 1 ಗ್ರಾಂನಂತೆ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಹೋಗದಂತೆ ತಡೆಯುತ್ತದೆ. ಗಾಳಿಚೀಲಕ್ಕೆ ಉಪ್ಪಿನಿಂದ ನೇರವಾಗಿ ಏನೂ ಆಗುವುದಿಲ್ಲ.

ಇನ್ನು ಊಟ. ಎರಡು ಮೂರು ದಿನ ಏನೂ ಹಾಕಬೇಡಿ. ಪಾಪ ಅನ್ನಿಸುತ್ತದೆ, ಗೊತ್ತು. ಗಾಜಿನ ಹತ್ತಿರ ಬಂದು ಬಾಯಿ ಆಡಿಸಿ ಕೇಳುತ್ತದೆ. ಆದರೆ ಆರೋಗ್ಯವಾಗಿ ಬೆಳೆದ ಗೋಲ್ಡ್‌ಫಿಶ್‌ಗೆ ಇಷ್ಟು ಉಪವಾಸದಿಂದ ತೊಂದರೆ ಇಲ್ಲ. ಈ ಜಾತಿಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಒಮ್ಮೆಗೇ ಜಾಸ್ತಿ ಹಾಕಿದರೆ ಅಲ್ಲೇ ಕಟ್ಟಿಕೊಳ್ಳುತ್ತದೆ. ನೀವು ಹಾಕುತ್ತಿರುವುದು ತೇಲುವ ಪೆಲೆಟ್ ಅಲ್ವಾ? ಮೇಲೆ ಬಂದು ಅದನ್ನು ಹೀರುವಾಗ ಗಾಳಿಯೂ ಒಳಗೆ ಹೋಗುತ್ತದೆ. ಉಪವಾಸ ಮುಗಿದ ಮೇಲೆ ಮುಳುಗುವ ಪೆಲೆಟ್‌ಗೆ ಬದಲಾಯಿಸಿ. ದಿನದ ಪಾಲನ್ನು ಎರಡು ಮೂರು ಸಲಕ್ಕೆ ಹಂಚಿ, ಒಂದೆರಡು ನಿಮಿಷದಲ್ಲಿ ಖಾಲಿಯಾಗುವಷ್ಟೇ ಹಾಕಿ.

ಬೇಯಿಸಿದ ಬಟಾಣಿ ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ಹಸಿ ಬಟಾಣಿಯನ್ನು ಮೆತ್ತಗೆ ಬೇಯಿಸಿ, ಸಿಪ್ಪೆ ತೆಗೆದು, ಚಿಕ್ಕ ಚೂರು ಮಾಡಿ ಕೊಡಬಹುದು. ಆದರೆ ಅದಕ್ಕೆ ಪವಾಡದ ಪಟ್ಟ ಕೊಡಲು ನನಗೆ ಮನಸ್ಸಿಲ್ಲ. ಬಟಾಣಿ ಮುಳುಗುತ್ತದೆ, ಮೀನು ಗಾಳಿ ನುಂಗದೆ ತಿನ್ನುತ್ತದೆ. ಅದಕ್ಕೂ ಮೊದಲು ಉಪವಾಸವೂ ಆಗಿರುತ್ತದೆ. ಅರ್ಧ ಗುಣ ಅಲ್ಲಿಂದಲೇ ಬಂದದ್ದು ಅನ್ನುವುದು ನನ್ನ ಅಭಿಪ್ರಾಯ. ಬಟಾಣಿ ಕೊಟ್ಟೂ ನೀರು ಕೊಳೆಯಾಗಿದ್ದರೆ ಏನೂ ಪ್ರಯೋಜನವಿಲ್ಲ. ಹೊಟ್ಟೆ ಗಟ್ಟಿಯಾಗಿ ಊದಿದೆ, ಮಲ ಹೋಗುತ್ತಿಲ್ಲ ಅನ್ನಿಸಿದರೆ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್, ಅಡುಗೆ ಉಪ್ಪಲ್ಲ) ಬಳಸುವವರಿದ್ದಾರೆ. ಬಳಸಿದರೆ 20 ಲೀಟರಿಗೆ ಒಂದು ಟೀ ಚಮಚ ಮೀರಬಾರದು. ಬೇರೆ ಪಾತ್ರೆಯಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಸೇರಿಸಿ.

ಡಿಸೆಂಬರ್ ಚಳಿಯೂ ಇಲ್ಲಿ ಸೇರಿಕೊಂಡಿದೆ. ರಾತ್ರಿ ನೀರು ತಣ್ಣಗಾದರೆ ಮೀನಿನ ಜೀರ್ಣಶಕ್ತಿ ಕುಗ್ಗುತ್ತದೆ. ಒಂದು ಸಣ್ಣ ಹೀಟರ್ ಇಟ್ಟು 23-24 ಡಿಗ್ರಿಗೆ ನಿಲ್ಲಿಸಿ. ಒಮ್ಮೆಲೇ ಏರಿಸಬೇಡಿ, ದಿನಕ್ಕೆ ಒಂದೆರಡು ಡಿಗ್ರಿ ಸಾಕು. ಆದರೆ ನೀರು ಸರಿಪಡಿಸಿದ ಮೇಲೆ ಹೀಟರ್ ಹಾಕಿ, ಅದಕ್ಕೂ ಮೊದಲು ಬೇಡ. ಬಿಸಿ ಏರಿದರೆ ಅಮೋನಿಯಾದ ವಿಷ ಹೆಚ್ಚುತ್ತದೆ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಏರ್ ಪಂಪ್ ಹಗಲು ರಾತ್ರಿ ಓಡಲಿ.

ಸುಧಾರಿಸುವವರೆಗೆ ಮೀನಿಗೆ ಆಯಾಸ ಆಗದಂತೆ ನೋಡಿಕೊಳ್ಳಿ. ಫಿಲ್ಟರ್ ಹರಿವು ಜೋರಾಗಿದ್ದರೆ ಕಡಿಮೆ ಮಾಡಿ. ಚೂಪಾದ ಕಲ್ಲು, ಪ್ಲಾಸ್ಟಿಕ್ ಗಿಡ ತೆಗೆದುಬಿಡಿ. ತೇಲುವ ಮೀನಿನ ಹೊಟ್ಟೆ ನೀರಿನ ಹೊರಗೆ ಇದ್ದರೆ ಆ ಚರ್ಮ ಒಣಗಿ ಹುಣ್ಣಾಗುತ್ತದೆ. ಅಲ್ಲಿ ಕೆಂಪಾಗಿದೆಯೇ ಅಂತ ದಿನಾ ನೋಡಿ. ಇದೇ ತೊಂದರೆ ತಿರುಗಿ, ಮೀನು ತಳದಲ್ಲೇ ಬಿದ್ದಿದ್ದರೆ ನೀರಿನ ಆಳ ಕಡಿಮೆ ಮಾಡಬೇಕು, ತಳ ನುಣುಪಾಗಿರಬೇಕು. ಇಲ್ಲದಿದ್ದರೆ ಹೊಟ್ಟೆ ಉಜ್ಜಿ ಗಾಯವಾಗುತ್ತದೆ.

ಈಗ ಮೀನನ್ನು ಮೇಲಿನಿಂದ ನೋಡಿ. ಹುರುಪೆಗಳು ಮೈಗೆ ಅಂಟಿಕೊಳ್ಳದೆ ಎದ್ದು ನಿಂತಿವೆಯೇ? ಕಣ್ಣು ಉಬ್ಬಿದೆಯೇ? ಮೈಯಲ್ಲಿ ರಕ್ತದ ಗೆರೆ ಇದೆಯೇ? ಊಟ ಪೂರ್ತಿ ಬಿಟ್ಟಿದೆಯೇ? ಇವುಗಳಲ್ಲಿ ಒಂದಿದ್ದರೂ ಮನೆಮದ್ದು ಸಾಕಾಗದು, ಒಳಗೆ ಸೋಂಕೋ ಮೂತ್ರಪಿಂಡದ ತೊಂದರೆಯೋ ಇರಬಹುದು. ಪಶುವೈದ್ಯರ ಹತ್ತಿರ ಹೋಗಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಮೀನು ನೋಡುತ್ತಾರೆಯೇ ಅಂತ ಮೊದಲು ಫೋನ್ ಮಾಡಿ ಕೇಳಿ. ಗಾಳಿಚೀಲ ಎಲ್ಲಿ ಸರಿದಿದೆ, ಅದರಲ್ಲಿ ನೀರು ತುಂಬಿದೆಯೇ ಎಂಬುದು ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ. ಹೊರಗಿನಿಂದ ನೋಡಿ ಯಾರೂ ಖಚಿತವಾಗಿ ಹೇಳಲಾರರು, ನಾನೂ ಅಷ್ಟೇ.

ಕೆಲವು ಮೀನು ಪೂರ್ತಿ ನೆಟ್ಟಗಾಗುವುದಿಲ್ಲ. ನನ್ನ ಒಂದು ರ‍್ಯುಕಿನ್ ಕೊನೆಯವರೆಗೂ ಒಂದು ಪಕ್ಕಕ್ಕೆ ವಾಲಿಕೊಂಡೇ ಈಜುತ್ತಿತ್ತು. ಕೈಯಿಂದ ಮುಳುಗುವ ಪೆಲೆಟ್ ಕೊಟ್ಟರೆ ತಿನ್ನುತ್ತಿತ್ತು, ಉಳಿದ ಮೀನುಗಳ ಜೊತೆ ಸುತ್ತಾಡುತ್ತಿತ್ತು. ವಾಲುತ್ತದೆ ಎಂಬ ಒಂದೇ ಕಾರಣಕ್ಕೆ ಜೀವ ತೆಗೆಯುವ ಯೋಚನೆ ಮಾಡಬೇಡಿ. ತಿನ್ನುತ್ತಿದೆ, ಹುಣ್ಣಿಲ್ಲ, ನಿಮ್ಮನ್ನು ನೋಡಿ ಹತ್ತಿರ ಬರುತ್ತಿದೆ ಅಂದರೆ ಅದು ನೆಮ್ಮದಿಯಾಗಿ ಬದುಕಬಲ್ಲದು.

ಅಮ್ಮನಿಗೆ ಬೇಜಾರಾಗದಂತೆ ಹೇಳಿ, ಕೆರೆಗೆ ಬಿಡುವುದು ಮಾತ್ರ ಬೇಡ. ಸರಿಯಾಗಿ ಈಜಲಾಗದ ಮೀನು ಅಲ್ಲಿ ಹಕ್ಕಿಯ ಬಾಯಿಗೆ ಹೋಗುತ್ತದೆ. ಗೋಲ್ಡ್‌ಫಿಶ್ ನಮ್ಮ ಕೆರೆಯ ಮೀನೂ ಅಲ್ಲ, ಅದರ ರೋಗ ಅಲ್ಲಿನ ಮೀನುಗಳಿಗೆ ಹರಡಬಹುದು.

ಟೆಸ್ಟ್ ಮಾಡಿದ ಮೇಲೆ ಅಮೋನಿಯಾ, ನೈಟ್ರೈಟ್, ಪಿಎಚ್ ಮೂರನ್ನೂ ಇಲ್ಲೇ ಕೆಳಗೆ ಬರೆಯಿರಿ. ಬೆಳಿಗ್ಗೆ ನೀರು ಎಷ್ಟು ಡಿಗ್ರಿ ಇದೆ, ನೀರು ಕಾವೇರಿಯದ್ದೋ ಬೋರ್‌ವೆಲ್‌ದೋ, ಫಿಲ್ಟರ್ ಹಾಕಿ ಎಷ್ಟು ದಿನವಾಯಿತು ಅಂತಲೂ ತಿಳಿಸಿ. ಸಾಧ್ಯವಾದರೆ ಮೇಲಿನಿಂದ ತೆಗೆದ ಒಂದು ಫೋಟೊ ಹಾಕಿ. ನೋಡಿ ಮುಂದೇನು ಮಾಡಬಹುದು ಅಂತ ಹೇಳುತ್ತೇನೆ.